ಪೆನ್ಸಿಲ್ ಬದಿಗಿಟ್ಟು ಕತ್ತರಿ ಹಿಡಿದ ಮಕ್ಕಳು

ಇದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ, ಖಣ ಎನ್ನುವ ರವಿಕೆ ಬಟ್ಟೆ ನೇಯುವ ಊರು. ಹಿಂದೆ ಕೇಳಿಸುತ್ತಿದೆಯಲ್ಲ, ಅದು ಪಕ್ಕದ ಮನೆಯ ಮಗ್ಗದ ಸಪ್ಪಳ. ಈ ಪಡಸಾಲೆಯಲ್ಲೇ ನಮ್ಮ ಭಾನುವಾರದ ಚಿತ್ರದ ಕ್ಲಾಸು. ಎಲ್ಲರೂ ಐದರಿಂದ ಎಂಟು ವರ್ಷದೊಳಗಿನವರು.

ಇವತ್ತು ಮಕ್ಕಳಿಗೆ ಆನ್ರಿ ಮತೀಸ್ ಪರಿಚಯ. 1869ರಲ್ಲಿ ಹುಟ್ಟಿದ ಫ್ರಾನ್ಸಿನ ಕಲಾವಿದ. ಅವರು ಬೆಳೆದ ಬೊಹೇನ್ ಕೂಡ ನೇಕಾರರ ಊರು ಎಂದೆ ನೋಡಿ, ಎಲ್ಲರೂ ಹತ್ತಿರ ಸರಿದು ಕೂತರು. "ಅಕ್ಕೋರೆ, ಅಲ್ಲೂ ಖಣ ನೇಯ್ತಿದ್ರೇನ್ರಿ?" ಖಣ ಅಲ್ಲ, ರೇಷ್ಮೆ ಬಟ್ಟೆ. ಮತೀಸ್‌ಗೆ ಚಂದದ ಬಟ್ಟೆ ಕೂಡಿಡುವ ಹುಚ್ಚು ಕೊನೆತನಕ ಇತ್ತು.

1941ರಲ್ಲಿ ಅವರಿಗೆ ದೊಡ್ಡ ಆಪರೇಷನ್ ಆಯಿತು. ಆಮೇಲೆ ನಿಂತು ಚಿತ್ರ ಬಿಡಿಸುವುದು ಕಷ್ಟವಾಯಿತು. ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತೇ ಕತ್ತರಿ ಹಿಡಿದರು. ಸಹಾಯಕರು ಹಾಳೆಗೆ ಬಣ್ಣ ಬಳಿದು ಕೊಡುತ್ತಿದ್ದರು, ಇವರು ಬೇಕಾದ ಆಕಾರ ಕತ್ತರಿಸುತ್ತಿದ್ದರು.

ನಾವೂ ಹಾಗೇ ಮಾಡಿದೆವು. ನಿನ್ನೆಯೇ ಹಾಳೆಗಳಿಗೆ ಪೋಸ್ಟರ್ ಕಲರ್ ಬಳಿದು ಒಣಗಿಸಿದ್ದೆವು. ಇವತ್ತು ಪೆನ್ಸಿಲ್, ರಬ್ಬರ್ ಎರಡೂ ಬಂದ್. ಮೊದಮೊದಲು ಮಕ್ಕಳಿಗೆ ಕೈ ಓಡಲಿಲ್ಲ. ಗೆರೆ ಇಲ್ಲದೆ ಹೇಗೆ ಕತ್ತರಿಸುವುದು, ಅಲ್ವಾ? ಕತ್ತರಿ ನೆಟ್ಟಗೆ ಹಿಡಿದು ಹಾಳೆಯನ್ನು ತಿರುಗಿಸಿ ಎಂದು ತೋರಿಸಿದೆ. ಅಷ್ಟೇ ಸಾಕಾಯಿತು. ಕತ್ತರಿ ಮೊಂಡು ತುದಿಯದ್ದೇ ಇರಲಿ. ತೀರಾ ಚಿಕ್ಕವರು ಕೈಯಿಂದ ಹರಿದರೂ ಚೆನ್ನಾಗಿರುತ್ತದೆ.

ದೊಡ್ಡ ಕಲಾವಿದರ ಚಿತ್ರದ ಪ್ರಿಂಟ್ ಕೊಟ್ಟು ಇದೇ ಥರ ಬರೆಯಿರಿ ಎನ್ನುವುದು ನನಗೆ ಇಷ್ಟವಿಲ್ಲ. ಮಗು ತನ್ನ ಹಾಳೆ ಬಿಟ್ಟು ಪ್ರಿಂಟನ್ನೇ ನೋಡುತ್ತಾ ಕೂರುತ್ತದೆ. ಅವರು ಕೆಲಸ ಮಾಡಿದ ರೀತಿ ಕೊಡಬೇಕು. ಚಿತ್ರ ಮಗುವಿನದ್ದೇ ಆಗಬೇಕು.

ಮತೀಸ್ ಅವರ 1953ರ 'ಬಸವನಹುಳು' ಚಿತ್ರವನ್ನು ಅರ್ಧ ಕೆಲಸ ಆದಮೇಲೆ ತೋರಿಸಿದೆ. ಬರೀ ಬಣ್ಣದ ತುಂಡುಗಳು. ಹುಳ ಎಲ್ಲಿ? ಒಬ್ಬಳು ಎದ್ದು ಬಂದು ತುಂಡಿನಿಂದ ತುಂಡಿಗೆ ಬೆರಳು ಓಡಿಸಿದಳು. ಸುರುಳಿ ಸಿಕ್ಕಿತು! ಆ ಚಿತ್ರ 9 ಅಡಿಗಿಂತ ಎತ್ತರ ಎಂದಾಗ ಎಲ್ಲರೂ ಈ ಗೋಡೆಯನ್ನು ಮೇಲಿನವರೆಗೆ ನೋಡಿದರು.

ಆಮೇಲೆ ಮಕ್ಕಳ ಕತ್ತರಿ ಎಲ್ಲೆಲ್ಲೋ ಹೋಯಿತು. ಮೀನು, ಬದಾಮಿಯ ಮಂಗ, ಖಣದ ಮೇಲಿನ ತೇರು. ಕತ್ತರಿಸಿ ಉಳಿದ ಹಾಳೆಯನ್ನೂ ಬಿಸಾಡಬೇಡಿ, ಮತೀಸ್ ಅದನ್ನೂ ಬಳಸುತ್ತಿದ್ದರು. ಇಲ್ಲಿ ನೋಡಿ, ಮೀನು ಕತ್ತರಿಸಿದ ನೀಲಿ ಹಾಳೆಯೇ ಈ ಹುಡುಗನಿಗೆ ಕೆರೆ ಆಗಿದೆ. ಅಂಟು ಹಚ್ಚುವ ಮೊದಲು ತುಂಡುಗಳನ್ನು ಆಚೀಚೆ ಸರಿಸಿ ನೋಡಲು ಬಿಡಿ. ನಮ್ಮ ಕ್ಲಾಸಿನಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಅದೇ. ಫೆವಿಕಾಲ್ ಡಬ್ಬಿಯನ್ನು ಕೊನೆಯ ಅರ್ಧ ಗಂಟೆಗೆ ತೆರೆದೆ.