ರೆಕ್ಕೆ ಬಾಡಿಗೆಗೆ ಸಿಗುತ್ತದೆ, ನೆಲ ಸಿಗುವುದಿಲ್ಲ

ಕೇಳುಗರೆ, ನಮಸ್ಕಾರ.

ಒಂದು ಉಕ್ಕಿನ ಕಾರ್ಖಾನೆ ನಷ್ಟಕ್ಕೆ ಬಿತ್ತು ಅಂದುಕೊಳ್ಳಿ. ಕುಲುಮೆಯನ್ನು ಕಿತ್ತು ಬೇರೆ ಊರಿಗೆ ಒಯ್ಯಲಾಗದು. ಹಾಕಿದ ಹಣ ಅಲ್ಲೇ ಹೂತುಹೋಯಿತು. ವಿಮಾನ ಹಾಗಲ್ಲ. ಈ ಮಾರ್ಗದಲ್ಲಿ ಜನ ಹತ್ತದಿದ್ದರೆ ಅದನ್ನೇ ಇನ್ನೊಂದು ಮಾರ್ಗಕ್ಕೆ ಹಾಕಬಹುದು. ಬೇಡವಾದರೆ ಮಾರಬಹುದು. ಕೊಳ್ಳುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಸರಿ, ಮಾಲು ತಾನೇ ಹಾರಿಕೊಂಡು ಹೋಗುತ್ತದೆ. ಕೊಳ್ಳಲು ಹಣವಿಲ್ಲದವರಿಗೆ ಬಾಡಿಗೆಗೆ ಕೊಡುವ ಕಂಪನಿಗಳೂ ಇವೆ.

ಇದೇ ಎಳೆ ಹಿಡಿದು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೊಲ್ ಮತ್ತು ಜೊತೆಗಾರರು 1980ರ ದಶಕದ ಆರಂಭದಲ್ಲಿ ಒಂದು ವಾದ ಕಟ್ಟಿದರು. ಒಂದು ಮಾರ್ಗದಲ್ಲಿ ಒಂದೇ ಕಂಪನಿಯಿದ್ದರೂ ಚಿಂತೆಯಿಲ್ಲ. ಅದು ದರ ಏರಿಸಿದ ಕೂಡಲೇ ಇನ್ನೊಬ್ಬ ಬಂದು ಇಳಿಯುತ್ತಾನೆ, ಲಾಭ ಬಾಚಿಕೊಂಡು ಹಾರಿಹೋಗುತ್ತಾನೆ. ಆ ಭಯವೇ ದರವನ್ನು ಹದದಲ್ಲಿಡುತ್ತದೆ ಎಂಬುದು ವಾದದ ತಿರುಳು. ವಿಮಾನಯಾನವನ್ನೇ ಇದಕ್ಕೆ ಉದಾಹರಣೆಯಾಗಿ ಮುಂದಿಡಲಾಗುತ್ತಿತ್ತು.

ಕಾಗದದ ಮೇಲೆ ಬಹಳ ಚೆಂದ. ನಡೆದದ್ದು ಬೇರೆ.

ಅದಕ್ಕೂ ಮುಂಚೆ ಬಾಗಿಲಿಗೆ ಬೀಗ ಹಾಕಿದ್ದು ಸರ್ಕಾರವೇ. ಅಮೆರಿಕದಲ್ಲಿ 1938ರಿಂದ 1978ರವರೆಗೆ ಯಾರು ಎಲ್ಲಿಗೆ ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನು ನಾಗರಿಕ ವಿಮಾನಯಾನ ಮಂಡಳಿ ತೀರ್ಮಾನಿಸುತ್ತಿತ್ತು. ಆ ನಲವತ್ತು ವರ್ಷಗಳಲ್ಲಿ ದೊಡ್ಡ ಮಾರ್ಗಗಳ ಕಂಪನಿಗಳ ಸಾಲಿಗೆ ಒಬ್ಬನೇ ಒಬ್ಬ ಹೊಸಬನನ್ನೂ ಅದು ಸೇರಿಸಲಿಲ್ಲ. 1978ರ ಕಾನೂನು ಆ ಬೀಗ ತೆಗೆಯಿತು. ಬೀಗ ತೆಗೆದ ಮೇಲೆ ಕಂಡಿದ್ದು, ಒಳಗೆ ಇನ್ನೂ ನಾಲ್ಕಾರು ಬಾಗಿಲುಗಳಿವೆ ಎಂಬುದು.

ಬ್ರಿಟನ್ನಿನ ಫ್ರೆಡ್ಡಿ ಲೇಕರ್ ಅವರ ಕಥೆ ಕೇಳಿ. ಲಂಡನ್ನಿನಿಂದ ನ್ಯೂಯಾರ್ಕಿಗೆ ಅಗ್ಗದ ವಿಮಾನ ಹಾರಿಸುತ್ತೇನೆಂದು ಅವರು ಅರ್ಜಿ ಹಾಕಿದ್ದು 1971ರಲ್ಲಿ. ವಿಮಾನ ಹಾರಿದ್ದು 1977ರ ಸೆಪ್ಟೆಂಬರಿನಲ್ಲಿ. ಆರು ವರ್ಷ ಬರೀ ಅನುಮತಿಗೇ ಹೋಯಿತು! ಲಂಡನ್ನಿನಿಂದ ಹೋಗುವ ಟಿಕೆಟ್ಟಿಗೆ 59 ಪೌಂಡ್. ಜನ ಸರದಿಯಲ್ಲಿ ನಿಂತು ಕೊಂಡರು. ಆಮೇಲೆ ಲೇಕರ್ ಇನ್ನಷ್ಟು ವಿಮಾನ ಕೊಳ್ಳಲು ಡಾಲರಿನಲ್ಲಿ ಸಾಲ ಮಾಡಿದರು. ಪೌಂಡು ಕುಸಿಯಿತು. ಗಾಯದ ಮೇಲೆ ಬರೆ ಎಂಬಂತೆ, 1981ರಲ್ಲಿ ಹಳೆಯ ದೊಡ್ಡ ಕಂಪನಿಗಳು ತಮ್ಮ ದರವನ್ನು ಲೇಕರ್ ದರದ ಮಟ್ಟಕ್ಕೇ ಇಳಿಸಿದವು. 1982ರ ಫೆಬ್ರವರಿಯಲ್ಲಿ ಲೇಕರ್ ಕಂಪನಿ ಮುಳುಗಿತು. ಬಾಮೊಲ್ ವಾದ ಎಡವಿದ್ದು ಇಲ್ಲೇ. ಹೊಸಬ ಬಂದು ಲಾಭ ಬಾಚುವಷ್ಟು ಹೊತ್ತು ಹಳಬ ಕೈಕಟ್ಟಿ ಕೂರುತ್ತಾನೆ ಎಂದು ಅದು ನಂಬಿತ್ತು. ಹಳಬ ದರ ಇಳಿಸುವುದು ಒಂದು ದಿನದ ಕೆಲಸ.

ಇನ್ನು ನೆಲದ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ತಡೆ ಇದೇ. ವಿಮಾನವನ್ನು ಬಾಡಿಗೆಗೆ ತರಬಹುದು, ಪೈಲಟ್‌ಗಳನ್ನು ಕರೆತರಬಹುದು. ಆದರೆ ಬೆಳಗಿನ ಏಳು ಗಂಟೆಯನ್ನು ಎಲ್ಲಿಂದ ತರುತ್ತೀರಿ? ಲಂಡನ್ನಿನ ಹೀಥ್ರೂನಲ್ಲಿ ರನ್‌ವೇಗಳು ಎರಡೇ. ವರ್ಷಕ್ಕೆ 4,80,000 ಹಾರಾಟಗಳ ಮೇಲೆ ಒಂದೂ ಆಗಬಾರದು. ಏರಲು, ಇಳಿಯಲು ಗೊತ್ತುಪಡಿಸಿದ ವೇಳೆಗೆ ಸ್ಲಾಟ್ ಎನ್ನುತ್ತಾರೆ. ಒಂದು ಋತುವಿನಲ್ಲಿ ನಿಮ್ಮ ಸ್ಲಾಟ್‌ಗಳಲ್ಲಿ ಶೇ. 80ರಷ್ಟನ್ನು ಬಳಸಿದರೆ, ಮುಂದಿನ ವರ್ಷ ಅದೇ ಋತುವಿಗೆ ಅವು ಮತ್ತೆ ನಿಮ್ಮವೇ. ಅದರ ಮುಂದಿನ ವರ್ಷವೂ ನಿಮ್ಮವೇ. ಪಿತ್ರಾರ್ಜಿತ ಆಸ್ತಿಯ ಹಾಗೆ. ಮಿಕ್ಕಿದ್ದರಲ್ಲಿ ಅರ್ಧ ಹೊಸಬರಿಗೆ ಮೀಸಲು ಎಂಬ ನಿಯಮವೇನೋ ಇದೆ. ಇಂಥ ಕಡೆ ಮಿಕ್ಕಿದರೆ ತಾನೆ! 2016ರಲ್ಲಿ ಒಮಾನ್ ಏರ್ ಹೀಥ್ರೂನಲ್ಲಿ ಒಂದು ಜೋಡಿ ಸ್ಲಾಟ್‌ಗೆ ಏಳೂವರೆ ಕೋಟಿ ಡಾಲರ್ ಕೊಟ್ಟಿತೆಂದು ವರದಿಯಾಗಿತ್ತು. ಅಷ್ಟು ಹಣಕ್ಕೆ ಕೈಗೆ ಬಂದದ್ದು ದಿನಕ್ಕೊಮ್ಮೆ ಇಳಿದು, ಮತ್ತೆ ಏರುವ ಹಕ್ಕು, ಅಷ್ಟೆ.

ಬಳಸದಿದ್ದರೆ ಕಳೆದುಕೊಳ್ಳುತ್ತೀರಿ ಎಂಬ ಈ ನಿಯಮ ಎಂಥ ವಿಚಿತ್ರ ಮಾಡಿಸುತ್ತದೆ ನೋಡಿ. ಕೋವಿಡ್ ಕಾಲದಲ್ಲಿ ಯುರೋಪಿನಲ್ಲಿ ಈ ಮಿತಿಯನ್ನು ಸಡಿಲಿಸಿದ್ದರೂ, ಬರೀ ಸ್ಲಾಟ್ ಉಳಿಸಿಕೊಳ್ಳಲು ಆ ಚಳಿಗಾಲ 18,000 ಅನಗತ್ಯ ಹಾರಾಟ ನಡೆಸಬೇಕಾಗುತ್ತದೆ ಎಂದು 2021ರ ಕೊನೆಯಲ್ಲಿ ಲುಫ್ತಾನ್ಸಾ ಹೇಳಿತ್ತು.

ಈ ಗೋಡೆಯನ್ನು ಹಾರದೆ, ಬಳಸಿಕೊಂಡು ಹೋದವರೂ ಇದ್ದಾರೆ. ರಯಾನ್‌ಏರ್ ಕಂಪನಿ ಊರಾಚೆಯ ಸಣ್ಣ ನಿಲ್ದಾಣಗಳನ್ನು ಹಿಡಿಯಿತು. ಫ್ರಾಂಕ್‌ಫರ್ಟ್-ಹಾನ್ ಎಂಬ ನಿಲ್ದಾಣದ ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಇದೆ; ಊರು ಮಾತ್ರ ಸುಮಾರು 120 ಕಿಲೋಮೀಟರ್ ದೂರ. ಟಿಕೆಟ್ ಅಗ್ಗವಾಗಿದ್ದರೆ ಅಷ್ಟು ದೂರ ಬಸ್ಸಿನಲ್ಲಿ ಹೋಗಲು ಜನ ಸಿದ್ಧ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಲಿಲ್ಲ.

ಪದೇ ಪದೇ ಹಾರುವವರಿಗೆ ಪಾಯಿಂಟ್ ಕೊಡುವ ಯೋಜನೆಯೂ ಒಂದು ತಡೆಯೇ. ಅಮೆರಿಕನ್ ಏರ್‌ಲೈನ್ಸ್ ಅದನ್ನು 1981ರಲ್ಲಿ ಶುರುಮಾಡಿತು. ಕೂಡಿಟ್ಟ ಪಾಯಿಂಟ್ ಬಿಟ್ಟು ಹೊಸಬನ ವಿಮಾನ ಹತ್ತಲು ಯಾರಿಗೆ ತಾನೇ ಮನಸ್ಸು ಬಂದೀತು?

ಸರಿ, ಒಳಗೆ ಬರುವುದು ಇಷ್ಟು ಕಷ್ಟ. ಹೊರಗೆ ಹೋಗುವುದು? ಅದು ಇನ್ನೂ ಕಷ್ಟ ಎಂದರೆ ನಂಬುತ್ತೀರಾ? ವೇಳಾಪಟ್ಟಿ ಪ್ರಕಟವಾದ ಮೇಲೆ ವಿಮಾನದ ಬಾಡಿಗೆ, ಸಿಬ್ಬಂದಿಯ ಸಂಬಳ ಹೇಗೂ ಕೊಡಲೇಬೇಕು. ಇನ್ನೊಬ್ಬ ಪ್ರಯಾಣಿಕ ಹತ್ತಿದರೆ ತಗಲುವ ಹೆಚ್ಚಿನ ಖರ್ಚು ಅತ್ಯಲ್ಪ. ಖಾಲಿ ಸೀಟಿಗಿಂತ ಸಿಕ್ಕಿದಷ್ಟು ಮೇಲು. ಹಾಗಾಗಿ ನಷ್ಟದ ಕಂಪನಿ ನಿಲ್ಲುವುದಿಲ್ಲ, ಇನ್ನೂ ಅಗ್ಗಕ್ಕೆ ಹಾರುತ್ತದೆ. ಗಟ್ಟಿಯಾಗಿರುವ ಕಂಪನಿಯೂ ಆ ದರಕ್ಕೇ ಇಳಿಯಬೇಕು. ಕಾನೂನೂ ಇದಕ್ಕೆ ಆಸರೆ. ಅಮೆರಿಕದ ಯುನೈಟೆಡ್ 2002ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, 2006ರ ಫೆಬ್ರವರಿಯವರೆಗೆ ಅದೇ ಸ್ಥಿತಿಯಲ್ಲಿ ಹಾರುತ್ತಲೇ ಇತ್ತು. ನಡುವೆ ನೌಕರರ ಪಿಂಚಣಿಯ ಹೊರೆಯನ್ನು ಸರ್ಕಾರಿ ವಿಮಾ ನಿಗಮದ ಹೆಗಲಿಗೆ ದಾಟಿಸಿತು. ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಅರ್ಜಿ ಹಾಕಿದ್ದಂತೂ ಒಂದೇ ದಿನ, 2005ರ ಸೆಪ್ಟೆಂಬರ್ 14ರಂದು.

ದೇಶದ ಬಾವುಟ ಹೊತ್ತ ಕಂಪನಿಯಾದರೆ ಮುಚ್ಚುವ ಮಾತೇ ಎತ್ತುವಂತಿಲ್ಲ. ಇಟಲಿಯ ಅಲಿಟಾಲಿಯಾವನ್ನು ಸರ್ಕಾರ ಮತ್ತೆ ಮತ್ತೆ ಹಣ ಸುರಿದು ಉಳಿಸಿತು. ಅದರ ಕೊನೆಯ ವಿಮಾನ ಇಳಿದದ್ದು 2021ರ ಅಕ್ಟೋಬರ್ 14ರಂದು. ಮರುದಿನವೇ ಸರ್ಕಾರದ್ದೇ ಹೊಸ ಕಂಪನಿ ಹಾರಿತು! ಪರದೇಶದವರಿಗೆ ಮಾರೋಣವೆಂದರೆ ಒಡೆತನದ ಮಿತಿ ಅಡ್ಡ ಬರುತ್ತದೆ. ಅಮೆರಿಕದ ಕಂಪನಿಯಲ್ಲಿ ವಿದೇಶಿಯರಿಗೆ ಶೇ. 25ಕ್ಕಿಂತ ಹೆಚ್ಚು ಮತದ ಹಕ್ಕಿಲ್ಲ. ಹೊಸಬನನ್ನು ತಡೆಯುವ ನಿಯಮವೇ ಹಳಬನನ್ನು ಕಟ್ಟಿಹಾಕುವುದು ಹೀಗೆ.

ಕಡೆಗೂ ಮುಚ್ಚಿದ ಒಂದು ಕಂಪನಿಯ ವಿಷಯ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನ ಮೊನಾರ್ಕ್ 2017ರ ಅಕ್ಟೋಬರ್ 2ರಂದು ನಿಂತುಹೋಯಿತು. ಹೊರದೇಶಗಳಲ್ಲಿ ಸಿಕ್ಕಿಬಿದ್ದ ಸುಮಾರು 1,10,000 ಪ್ರಯಾಣಿಕರನ್ನು ಕರೆತರಲು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಬೇರೆ ವಿಮಾನಗಳನ್ನು ಗೊತ್ತುಮಾಡಬೇಕಾಯಿತು. ಮೊನಾರ್ಕಿನ ಬಳಿ ಬೆಲೆಬಾಳುವಂಥದ್ದು ಉಳಿದಿದ್ದರೆ, ಅದು ಸ್ಲಾಟ್‌ಗಳು. ಹಾರದ ಕಂಪನಿಗೆ ಸ್ಲಾಟ್ ಏಕೆ ಎಂಬ ತಕರಾರು ಕೋರ್ಟಿಗೆ ಹೋಯಿತು. ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮೊನಾರ್ಕಿನ ಪರ ತೀರ್ಪಿತ್ತಿತು. ಗ್ಯಾಟ್ವಿಕ್ ನಿಲ್ದಾಣದ ಆ ಸ್ಲಾಟ್‌ಗಳು ಮಾರಾಟಕ್ಕೆ ಬಂದವು. ಕೊಂಡದ್ದು ಐಎಜಿ, ಬ್ರಿಟಿಷ್ ಏರ್‌ವೇಸ್‌ನ ಒಡೆಯ ಕಂಪನಿ.

ನಮಸ್ಕಾರ.