ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಇಂಜೆಕ್ಷನ್: ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಕೇಳುಗರೇ, ನಮಸ್ಕಾರ.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ಗೊತ್ತಾದಾಗ ಸಾಮಾನ್ಯವಾಗಿ ಮೊದಲು ಶುರುವಾಗುವುದು ಹಾರ್ಮೋನ್ ತಗ್ಗಿಸುವ ಚಿಕಿತ್ಸೆ. ಈ ಕ್ಯಾನ್ಸರ್ ಬೆಳೆಯುವುದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಬಲದಿಂದ. ಅದನ್ನು ತಗ್ಗಿಸಿದರೆ ರೋಗವೂ ತಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ಸರ್ಜನ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ಇದ್ದ ದಾರಿ ಆಪರೇಷನ್ ಮಾಡಿ ವೃಷಣ ತೆಗೆಯುವುದು. ಇಂದಿಗೂ ಅದು ಒಳ್ಳೆಯ ಚಿಕಿತ್ಸೆಯೇ. ಆಸ್ಪತ್ರೆಗೆ ಮತ್ತೆ ಮತ್ತೆ ಬರಲಾಗದವರು, ಇಂಜೆಕ್ಷನ್ನಿನ ಖರ್ಚು ತಡೆಯಲಾಗದವರು ಸಂಕೋಚಪಡದೆ ಅದರ ಬಗ್ಗೆ ಡಾಕ್ಟರನ್ನು ಕೇಳಬೇಕು. ಇಂಜೆಕ್ಷನ್ ಆರಿಸಿಕೊಂಡವರು ಗಮನಿಸಬೇಕಾದ ವಿಷಯಗಳನ್ನು ಇವತ್ತು ಹೇಳುತ್ತೇನೆ.

ಲ್ಯೂಪ್ರೊಲೈಡ್, ಗೋಸೆರೆಲಿನ್, ಟ್ರಿಪ್ಟೊರೆಲಿನ್ ಒಂದೇ ಗುಂಪಿನ ಔಷಧಗಳು. ಇವು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಕೆರಳಿಸಿ, ಆಮೇಲೆ ಸುಮ್ಮನಾಗಿಸುತ್ತವೆ. ಹಾಗಾಗಿ ಮೊದಲ ವಾರ ಟೆಸ್ಟೋಸ್ಟಿರಾನ್ ಏರುತ್ತದೆ, ಇಳಿಯಲು ಮೂರು ನಾಲ್ಕು ವಾರ ಬೇಕು. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ, ಮೂತ್ರದ ದಾರಿ ಕಟ್ಟಿಕೊಂಡವರಿಗೆ ಈ ಏರಿಕೆ ಅಪಾಯ. ಅದನ್ನು ತಡೆಯಲು ಬೈಕಾಲುಟಮೈಡ್ 50 ಮಿಲಿಗ್ರಾಂ ಮಾತ್ರೆಯನ್ನು ಸಾಮಾನ್ಯವಾಗಿ ಇಂಜೆಕ್ಷನ್ನಿಗೆ ಕೆಲವು ದಿನ ಮೊದಲೇ ಶುರು ಮಾಡಿ, ಕೆಲವು ವಾರ ಮುಂದುವರಿಸುತ್ತಾರೆ. ಮಾತ್ರೆ ಎಂದು ಶುರು, ಎಂದು ನಿಲ್ಲಿಸುವುದು, ಎರಡೂ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ದಿನಗಳಲ್ಲಿ ಕಾಲು ಸೋತರೆ, ಜೋಮು ಹಿಡಿದರೆ, ಬೆನ್ನುನೋವು ಒಮ್ಮೆಲೇ ಹೆಚ್ಚಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿ ಅದುಮಿಹೋದರೆ ಹೋದ ಕಾಲಿನ ಬಲ ಮರಳದೇ ಇರಬಹುದು. ಅಲ್ಲಿ ಲೆಕ್ಕ ಗಂಟೆಗಳಲ್ಲಿ.

ಡೆಗಾರೆಲಿಕ್ಸ್ ಎಂಬ ಬೇರೆ ಬಗೆಯ ಹಾರ್ಮೋನ್ ಇಂಜೆಕ್ಷನ್ನಿನಲ್ಲಿ ಈ ಏರಿಕೆ ಇಲ್ಲ. ಮೊದಲ ದಿನ 120 ಮಿಲಿಗ್ರಾಮಿನ ಎರಡು ಇಂಜೆಕ್ಷನ್, ಆಮೇಲೆ 28 ದಿನಕ್ಕೊಮ್ಮೆ 80 ಮಿಲಿಗ್ರಾಂ. ಹೆಚ್ಚಿನವರಲ್ಲಿ ಮೂರು ದಿನದಲ್ಲೇ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ಚುಚ್ಚಿದ ಜಾಗ ಕೆಂಪಾಗಿ ನೋಯುವುದು ಮಾತ್ರ ಇದರಲ್ಲಿ ಹೆಚ್ಚು.

ಇನ್ನು ಔಷಧ ಬೆರೆಸುವ ವಿಚಾರ. ಎಲ್ಲರೂ ಕಡೆಗಣಿಸುವುದು ಇದನ್ನೇ. ಲ್ಯೂಪ್ರೊಲೈಡ್ ಬಹಳ ಸಲ ಪುಡಿಯಾಗಿ ಬರುತ್ತದೆ. ಪುಡಿಯ ಸಣ್ಣ ಸಣ್ಣ ಕಣಗಳು ವಾರಗಟ್ಟಲೆ ಔಷಧ ಬಿಡುತ್ತಾ ಹೋಗಬೇಕು. ಜೊತೆಗೆ ಕೊಟ್ಟ ದ್ರಾವಣವನ್ನೇ ಹಾಕಬೇಕು, ಬೇರೆ ನೀರು ಸಲ್ಲದು. ಹಾಲಿನಂತೆ ಒಂದೇ ಸಮ ಆಗುವವರೆಗೆ ಬೆರೆಸಿ, ತಡಮಾಡದೆ ಚುಚ್ಚಬೇಕು. ಹಾಗೇ ಇಟ್ಟರೆ ಕಣಗಳು ತಳಕ್ಕೆ ಕೂರುತ್ತವೆ. ಸಿರಿಂಜಿನಲ್ಲಿ ಉಳಿದದ್ದು ಮೈಗೆ ಸೇರದ ಡೋಸ್. ಇಂಥ ತಪ್ಪುಗಳಿಂದ ಔಷಧ ಕಡಿಮೆಯಾಗುತ್ತಿದೆ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಪರಿಶೀಲನೆ ನಡೆಸಿ ಹೊಸ ಸೂಚನೆ ಹೊರಡಿಸಿತು. ಡೆಗಾರೆಲಿಕ್ಸನ್ನು ಕುಲುಕಿದರೆ ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಬೇಕು. ಕರಗಲು ಹದಿನೈದು ನಿಮಿಷ ಹಿಡಿದರೂ ಕಾಯಬೇಕು. ಅದನ್ನು ಹೊಟ್ಟೆಯ ಚರ್ಮದಡಿ, ಪಂಚೆ ಅಥವಾ ಬೆಲ್ಟ್ ಬಿಗಿಯುವ ಜಾಗ ಬಿಟ್ಟು ಕೊಡುತ್ತಾರೆ.

ಗೋಸೆರೆಲಿನ್ನಿನಲ್ಲಿ ಬೆರೆಸುವ ಗೋಜಿಲ್ಲ. ಅಕ್ಕಿಕಾಳಿನಂಥ ಒಂದು ಕಡ್ಡಿಯನ್ನು ಹೊಕ್ಕುಳಿನ ಕೆಳಗೆ ಚರ್ಮದಡಿ ಇಡುತ್ತಾರೆ. ಸೂಜಿ ದಪ್ಪ, ಅಲ್ಲಿ ರಕ್ತನಾಳಗಳೂ ಇವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಚುಚ್ಚುವ ಮೊದಲೇ ಹೇಳಿ. ಆಮೇಲೆ ಹೊಟ್ಟೆ ನೋವು, ಬಾವು, ತಲೆಸುತ್ತು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮೆಡಿಕಲ್ ಶಾಪಿನಿಂದ ನೀವೇ ಔಷಧ ತರುವುದಾದರೆ ಪೆಟ್ಟಿಗೆ ಓದಿ. ಕೆಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕೆಲವಕ್ಕೆ 25 ಡಿಗ್ರಿ ದಾಟಬಾರದು. ಫ್ರೀಜರಿನಲ್ಲಿ ಇಡಬೇಡಿ. ಬ್ರ್ಯಾಂಡ್ ಬದಲಾದರೆ ಮಿಲಿಗ್ರಾಂ ಲೆಕ್ಕವೂ ಬದಲಾಗಬಹುದು: ಲ್ಯೂಪ್ರೊಲೈಡಿನ ತಿಂಗಳ ಡೋಸ್ ಒಂದರಲ್ಲಿ 3.75, ಇನ್ನೊಂದರಲ್ಲಿ 7.5. ಅಂಗಡಿಯವರು ಬದಲಿ ಕೊಟ್ಟರೆ ಡಾಕ್ಟರನ್ನು ಕೇಳದೆ ತರಬೇಡಿ.

‘ತಿಂಗಳ ಇಂಜೆಕ್ಷನ್’ ಎಂದರೆ ಬಹುಪಾಲು 28 ದಿನ. ಪ್ರತಿ ತಿಂಗಳ ಅದೇ ತಾರೀಖಿಗೆ ಹೋದರೆ ಎರಡು ಮೂರು ದಿನ ತಡವಾಗುತ್ತದೆ. ಗೋಸೆರೆಲಿನ್ 10.8 ಮಿಲಿಗ್ರಾಂ 12 ವಾರಕ್ಕೆ, ಅಂದರೆ 84 ದಿನಕ್ಕೆ. ಹಬ್ಬ, ಮದುವೆ, ಕೊಯ್ಲು ಎಂದು ಮುಂದೆ ಹಾಕಿದರೆ ಟೆಸ್ಟೋಸ್ಟಿರಾನ್ ಮತ್ತೆ ತಲೆಯೆತ್ತಬಹುದು. ತಪ್ಪಿಹೋದರೆ ಮುಂದಿನ ತಾರೀಖಿಗೆ ಕಾಯದೆ ಆದಷ್ಟು ಬೇಗ ಹಾಕಿಸಿಕೊಳ್ಳಿ.

ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು. ರೋಗದ ಏರಿಳಿತ ತೋರಿಸುವ ಪಿಎಸ್‌ಎ ಎಂಬ ರಕ್ತಪರೀಕ್ಷೆ ಒಂದೇ ಸಾಲದು, ಜೊತೆಗೆ ಟೆಸ್ಟೋಸ್ಟಿರಾನ್ ಕೂಡ ನೋಡಿಸಬೇಕು. ಅದು ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಕೆಳಗಿರಬೇಕು, 20ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಪಿಎಸ್‌ಎ ಏರಿದಾಗ ಟೆಸ್ಟೋಸ್ಟಿರಾನೂ ಮೇಲಿದ್ದರೆ, ಮೊದಲು ಹುಡುಕಬೇಕಾದದ್ದು ಇಂಜೆಕ್ಷನ್ನಿನ ಲೋಪವನ್ನು: ತಡವಾಯಿತೇ, ಸರಿಯಾಗಿ ಬೆರೆಯಲಿಲ್ಲವೇ, ಪೂರ್ತಿ ಒಳಗೆ ಹೋಗಲಿಲ್ಲವೇ? ಇದನ್ನು ನೋಡದೆ ‘ಔಷಧಕ್ಕೆ ರೋಗ ಬಗ್ಗುತ್ತಿಲ್ಲ’ ಎಂದು ದುಬಾರಿ ಮಾತ್ರೆಗೆ ಹೋಗುವುದು ಅನ್ಯಾಯ. ಟೆಸ್ಟೋಸ್ಟಿರಾನ್ ಕೆಳಗಿದ್ದೂ ಪಿಎಸ್‌ಎ ಏರುತ್ತಿದ್ದರೆ ಬೇರೆ ಔಷಧ ಸೇರಿಸುತ್ತಾರೆ. ಆಗಲೂ ಇಂಜೆಕ್ಷನ್ ನಿಲ್ಲಿಸುವುದಿಲ್ಲ. ಈಗಂತೂ ಹರಡಿದ ರೋಗಕ್ಕೆ ಅಬಿರಾಟೆರಾನ್, ಎನ್‌ಜಾಲುಟಮೈಡ್‌ನಂಥ ಮಾತ್ರೆಯನ್ನು ಶುರುವಿನಲ್ಲೇ ಜೊತೆಗೆ ಕೊಡುವುದು ರೂಢಿ. ನಿಮಗೆ ಬರೀ ಇಂಜೆಕ್ಷನ್ ಬರೆದಿದ್ದರೆ ಕಾರಣ ಕೇಳಿ.

ಮೈ ಬಿಸಿಯೇರಿ ಬೆವರುವುದು, ಸುಸ್ತು, ಕಾಮಾಸಕ್ತಿ ಕುಗ್ಗುವುದು, ಮನಸ್ಸು ಮಂಕಾಗುವುದು, ಎಲ್ಲಕ್ಕೂ ಕಾರಣ ಔಷಧವೇ ಇರಬಹುದು. ಹೆಂಡತಿಗೂ ಇದು ಗೊತ್ತಿರಲಿ. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಆಗಾಗ ನೋಡಿಸಿ. ಹೃದಯದ ತೊಂದರೆ ಇದ್ದವರು ಮೊದಲೇ ತಿಳಿಸಿ. ಸದ್ದಿಲ್ಲದೆ ಸವೆಯುವುದು ಮೂಳೆ. ಶುರುವಿನಲ್ಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಊಟವೂ ಮಾತ್ರೆಯೂ ಸೇರಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ನೂರು ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ ಉಣ್ಣುವವರು ಅದನ್ನೂ ಲೆಕ್ಕಕ್ಕೆ ಹಿಡಿಯಲಿ. ದಿನವೂ ನಡೆಯಿರಿ, ಡಾಕ್ಟರು ಒಪ್ಪಿದರೆ ಸ್ವಲ್ಪ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ. ಮೂಳೆಗೆಂದು ಜೋಲೆಡ್ರಾನಿಕ್ ಆಸಿಡ್ ಕೊಡುವುದಿದ್ದರೆ ಮೊದಲು ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು, ಹಲ್ಲಿನ ಡಾಕ್ಟರಿಗೂ ತೋರಿಸಬೇಕು. ಕೀಳಿಸಬೇಕಾದ ಹಲ್ಲಿದ್ದರೆ ಅದಕ್ಕೆ ಮುಂಚೆಯೇ ಕೀಳಿಸಿ. ಔಷಧ ಶುರುವಾದ ಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಭಯವಿದೆ.

ನಮಸ್ಕಾರ.