ನೆರಳಿನ ಬದಿಯಲ್ಲಿ ಜನ

ಎಲ್ಲರಿಗೂ ನಮಸ್ಕಾರ. ಆಟೊದವರು, ಟಂಟಂನವರು ಮುಂದೆ ಬನ್ನಿ. ಹಿಂದೆ ಗೋಡೆಗೆ ಒರಗಿ ನಿಂತಿರುವ ಲಾರಿ ತಮ್ಮಂದಿರು ಕೂತ್ಕೊಳ್ಳಿ, ಕುರ್ಚಿ ಇವೆ. ನಾನು ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವನು. ಭಾಷಣ ಮಾಡಿ ರೂಢಿಯಿಲ್ಲ. ರಸ್ತೆಯಲ್ಲಿ ನಡೆಯುವವರು ನಮಗೆ ಯಾಕೆ ಕಾಣುವುದಿಲ್ಲ ಅಂತ ನಾಲ್ಕು ಮಾತು ಹೇಳುತ್ತೇನೆ, ಅಷ್ಟೇ.

ಒಮ್ಮೆ ಇಲ್ಲೇ ನಮ್ಮ ಬಳ್ಳಾರಿಯ ಕೌಲ್ ಬಜಾರ್ ಕಡೆ ಬಲಕ್ಕೆ ತಿರುಗುತ್ತಿದ್ದೆ. ಮುಂದೆ ಯಾರೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ಇರಲಿಲ್ಲ ಅನ್ನಿ. ಕಂಡಕ್ಟರ್ ಕೂಗಿದ, ಗಕ್ಕನೆ ಬ್ರೇಕ್ ತುಳಿದೆ. ಬಂಪರಿನಿಂದ ಒಂದು ಮೊಳ ದೂರದಲ್ಲಿ ಕೈಚೀಲ ಹಿಡಿದ ಅಜ್ಜಿ. ಬೈಯೋಣ ಅಂತ ಇಳಿದರೆ ಆಕೆಯೇ ಕೇಳಿದಳು: "ಅಲ್ಲೋ ಯಪ್ಪಾ, ಇಷ್ಟು ದೊಡ್ಡ ಬಸ್ಸು ನನಗ ಕಾಣ್ತದ. ನಾನು ನಿನಗ ಕಾಣಲಿಲ್ಲೇನು?"

ಉತ್ತರ ಇರಲಿಲ್ಲ. ನಡೆಯುವವರೆಲ್ಲ ಹೀಗೇ ಅಂದ್ಕೊಳ್ಳುತ್ತಾರೆ. ಗಾಡಿ ತಮಗೆ ಕಂಡಿತು, ಅಂದಮೇಲೆ ಡ್ರೈವರಿಗೂ ತಾವು ಕಂಡಿರುತ್ತೇವೆ ಅಂತ. ಆ ನಂಬಿಕೆ ಮೇಲೇ ರಸ್ತೆಗೆ ಕಾಲಿಡುತ್ತಾರೆ.

ಆ ಅಜ್ಜಿ ಯಾಕೆ ಕಾಣಲಿಲ್ಲ? ಒಂದು ಕಣ್ಣು ಮುಚ್ಚಿ, ಇನ್ನೊಂದರ ಮುಂದೆ ಹೆಬ್ಬೆರಳು ಹಿಡಿಯಿರಿ. ಆ ಬಾಗಿಲಲ್ಲಿ ನಿಂತ ಮನುಷ್ಯ ಪೂರ್ತಿ ಮಾಯ, ಅಲ್ವಾ? ಮುಂದಿನ ಗಾಜಿನ ಪಕ್ಕದ ಕಂಬ ಮಾಡುವುದೂ ಇದನ್ನೇ. ತಿರುಗುವಾಗ ಗಾಡಿಯ ಜೊತೆ ಕಂಬವೂ ತಿರುಗುತ್ತದೆ, ಅತ್ತ ಅಜ್ಜಿಯೂ ನಡೆಯುತ್ತಿರುತ್ತಾಳೆ. ಇಬ್ಬರ ಲಯ ಕೂಡಿಬಿಟ್ಟರೆ ಆಕೆ ದಾಟಿ ಮುಗಿಸುವವರೆಗೂ ಕಂಬದ ಹಿಂದೆಯೇ ಇರುತ್ತಾಳೆ. ಅವತ್ತಿನಿಂದ ನಾನು ತಿರುವಿನಲ್ಲಿ ಕೋಳಿಯ ಹಾಗೆ ಕತ್ತು ಮುಂದೆ ಹಿಂದೆ ಆಡಿಸುತ್ತಿದ್ದೆ. ಹುಡುಗರು ನಗುತ್ತಿದ್ದರು. ನಗಲಿ.

ಇನ್ನು ನಮ್ಮ ಊರಿನದೇ ಒಂದು ಕಾಟ, ಧೂಳು. ಅದಿರಿನ ಕೆಂಪು ಧೂಳು ಗಾಜಿನ ಮೇಲೆ ತೆಳ್ಳಗೆ ಕೂತಿರುತ್ತದೆ. ಮಧ್ಯಾಹ್ನ ಗೊತ್ತೇ ಆಗಲ್ಲ. ಸಂಜೆ ಸೂರ್ಯ ಎದುರಿಗೆ ಬಂದ ಅಂದ್ರೆ ಗಾಜೆಲ್ಲ ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಂತವನಿಗೆ ಮಾತ್ರ ನಿಮ್ಮ ಗಾಡಿ ಬಣ್ಣದ ಸಮೇತ ಕಾಣುತ್ತಿರುತ್ತದೆ. ನಾಲ್ಕು ಗಂಟೆಗೆ ಚಹಾಕ್ಕೆ ನಿಲ್ಲಿಸುತ್ತೀರಲ್ಲ, ಆಗಲೇ ಗಾಜು ಒರೆಸಿ. ಒಳಗಡೆಯೂ. ಹೆಡ್‌ಲೈಟನ್ನೂ.

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಜನ ಎಲ್ಲಿ ನಡೆಯುತ್ತಾರೆ? ಎಡಬದಿಯೂ ಅಲ್ಲ, ಬಲಬದಿಯೂ ಅಲ್ಲ, ನೆರಳಿನ ಬದಿ. ಫುಟ್‌ಪಾತ್ ಮೇಲೆ ಬೈಕು, ತಳ್ಳುಗಾಡಿ ನಿಂತಿದ್ದರೆ ರಸ್ತೆಗೆ ಇಳಿಯುತ್ತಾರೆ. ನೆರಳು ಮುಗಿದ ಕಡೆ ಸರಕ್ಕನೆ ಆಚೆ ಬದಿಗೆ ಓಡುತ್ತಾರೆ. ಸೆರಗು ತಲೆ ಮೇಲೆ, ಟವೆಲ್ ಮುಖದ ಮೇಲೆ. ಪಕ್ಕದ ಗಾಡಿ ಅವರಿಗೆ ಹೇಗೆ ಕಾಣಬೇಕು? ನೆರಳು ಎಲ್ಲಿ ತುಂಡಾಗುತ್ತದೋ ಅಲ್ಲಿ ಒಬ್ಬರು ದಾಟುತ್ತಾರೆ ಅಂತಲೇ ಕಾಲು ಬ್ರೇಕ್ ಮೇಲಿರಲಿ. ಇದನ್ನು ಯಾವ ಡ್ರೈವಿಂಗ್ ಸ್ಕೂಲೂ ನನಗೆ ಕಲಿಸಲಿಲ್ಲ.

ಸ್ಪೀಡಿನ ಲೆಕ್ಕ ಒಂದೇ ಒಂದು ಹೇಳುತ್ತೇನೆ. ನೋಡಿ, ತಿಳಿದು, ಬ್ರೇಕ್ ತುಳಿಯಲು ಒಂದು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವ ಕಾರು, ಒಣ ರಸ್ತೆ, ಬ್ರೇಕ್ ಚೆನ್ನಾಗಿದ್ದರೆ, ಸುಮಾರು 13 ಮೀಟರಿನಲ್ಲಿ ನಿಂತೇ ಬಿಡುತ್ತದೆ. 50ರಲ್ಲಿ ಹೋಗುವ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಹೋಗಿರುತ್ತದೆ. ಮಗು 13 ಮೀಟರ್ ದೂರದಲ್ಲಿ ಅಡ್ಡ ಬಂದರೆ, ಒಂದು ಕಾರು ನಿಂತಿದೆ, ಇನ್ನೊಂದಕ್ಕೆ ಬ್ರೇಕೇ ಬಿದ್ದಿಲ್ಲ. ಲೋಡ್ ಲಾರಿಯ ಮಾತು ನಿಮಗೇ ಗೊತ್ತು. ವೇಗ 50ರಿಂದ 65ಕ್ಕೆ ಏರಿದರೆ, ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ನಡೆದುಹೋಗುತ್ತಿದ್ದವರು.

ರಾಯಲ್ ಸರ್ಕಲ್‌ನ ವಿಷಯ. ಈಗ ಗಡಿಗಿ ಚನ್ನಪ್ಪ ವೃತ್ತ ಅನ್ನಬೇಕು, ಆದರೆ ನಿಮ್ಮ ಆಟೊ ಹತ್ತುವವರು ಯಾರೂ ಹಾಗನ್ನಲ್ಲ ಬಿಡಿ. ಅಂಥ ಕಡೆ ಪಕ್ಕದ ಗಾಡಿ ಜೀಬ್ರಾ ಪಟ್ಟೆ ಹತ್ತಿರ ಸುಮ್ನೆ ನಿಂತರೆ, "ಇವನಿಗೇನಾಯ್ತು" ಅಂತ ಹಾರ್ನ್ ಹೊಡೆದು ಮುಂದೆ ನುಗ್ಗಬೇಡಿ. ಅವನು ಯಾರಿಗೋ ದಾರಿ ಬಿಟ್ಟಿರುತ್ತಾನೆ. ಆ ಯಾರೋ ಅವನ ಗಾಡಿಯ ಮರೆಯಲ್ಲಿ, ನಿಮ್ಮ ಚಕ್ರದ ಕಡೆಗೇ ಬರುತ್ತಿರುತ್ತಾರೆ. ಸಿಗ್ನಲ್, ಪೊಲೀಸ್ ಇಲ್ಲದ ಪಟ್ಟೆಯಲ್ಲಿ ನಿಂತು ದಾರಿ ಬಿಡಬೇಕು ಅಂತ 2017ರ ವಾಹನ ಚಾಲನಾ ನಿಯಮದಲ್ಲೇ ಇದೆ. ಪಟ್ಟೆ ಅಳಿಸಿಹೋಗಿದೆ ಅಂತೀರಿ. ಒಪ್ಪಿದೆ. ದಾಟುವ ಜನ ಅಳಿಸಿಹೋಗಿಲ್ಲವಲ್ಲ.

ರಾತ್ರಿ ಡಿಮ್ ಮಾಡಿ. ಎದುರುಬದುರು ಎರಡು ಗಾಡಿ ಫುಲ್ ಲೈಟ್ ಹಾಕಿದರೆ, ನಡುವೆ ದಾಟುತ್ತಿರುವವನು ಇಬ್ಬರಿಗೂ ಕಾಣುವುದಿಲ್ಲ. ಅವನು ಮಾತ್ರ ಇಷ್ಟು ಬೆಳಕಿದೆ, ಕಂಡೇ ಇರುತ್ತೇನೆ ಅಂದ್ಕೊಂಡಿರುತ್ತಾನೆ. ಮತ್ತೆ ಆ ಅಜ್ಜಿಯ ಲೆಕ್ಕವೇ.

ಯಾರಾದರೂ ಬಿದ್ದಿದ್ದರೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಲು ಹೆದರಬೇಡಿ. ಹಾಗೆ ನೆರವಾಗುವವರಿಗೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ರಕ್ಷಣೆ ಇದೆ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ.

ಮಾತು ಸಾಕು, ಹೊರಗೆ ಬನ್ನಿ. ಅಂಗಳದಲ್ಲಿ ಲಾರಿ ನಿಲ್ಲಿಸಿದ್ದೇನೆ. ಹತ್ತು ಜನ ಅದರ ಮೂತಿಗೆ ಹತ್ತಿಕೊಂಡು, ಎಡಕ್ಕೆ, ಕೂತು ನಿಂತು ಹರಡಿಕೊಳ್ಳಿ. ಲಾರಿ ತಮ್ಮಾ, ನೀನು ಸೀಟಿನಲ್ಲಿ ಕೂತು ಎಷ್ಟು ತಲೆ ಕಾಣುತ್ತವೆ ಅಂತ ಎಣಿಸು. ಜೋರಾಗಿ ಎಣಿಸಬೇಕು, ಎಲ್ಲರಿಗೂ ಕೇಳಲಿ.